ಬಾದ್ಮೆ: ತೀರ್ಪು ಬಂದಿತ್ತು, ಗಡಿ ಯಾಕೆ ಬರಲಿಲ್ಲ?

ಗಡಿರೇಖೆ:

ಎಲ್ಲರಿಗೂ ನಮಸ್ಕಾರ. ಒಂದು ಪ್ರಶ್ನೆ ಬಹಳ ದಿನದಿಂದ ತಲೆ ಕೊರೆಯುತ್ತಿದೆ. ಈ ಬಳಗದಲ್ಲಿ ಇಥಿಯೋಪಿಯಾ ಕಡೆ ಪಾಠ ಮಾಡಿ ಬಂದವರಿದ್ದೀರಿ. ಶಾಂತಿಪಡೆಯಲ್ಲಿ ಇದ್ದು ಬಂದವರೂ ಇದ್ದೀರಿ. ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ.

1998ರ ಮೇ 6ರಂದು ಇಥಿಯೋಪಿಯಾ, ಎರಿಟ್ರಿಯಾ ಎಂಬ ಎರಡು ಆಫ್ರಿಕಾ ದೇಶಗಳ ಗಡಿಯಲ್ಲಿರುವ ಬಾದ್ಮೆ ಎಂಬ ಸಣ್ಣ ಊರಿನ ಹತ್ತಿರ ಎರಿಟ್ರಿಯಾದ ಸೈನಿಕರಿಗೂ ಇಥಿಯೋಪಿಯಾ ಕಡೆಯ ಕಾವಲಿನವರಿಗೂ ಗುಂಡಿನ ಚಕಮಕಿ ಆಯಿತು. ಎರಿಟ್ರಿಯಾದ ಕೆಲವರು ಸತ್ತರು. ಮೇ 12ಕ್ಕೆ ಎರಿಟ್ರಿಯಾ ಟ್ಯಾಂಕ್ ಸಮೇತ ಬಂದು ಊರನ್ನು ಹಿಡಿಯಿತು. ಜೂನ್ 5ಕ್ಕೆ ಇಥಿಯೋಪಿಯಾದ ವಿಮಾನಗಳು ಎರಿಟ್ರಿಯಾದ ರಾಜಧಾನಿ ಅಸ್ಮಾರಾ ಮೇಲೆ, ಎರಿಟ್ರಿಯಾದ ವಿಮಾನಗಳು ಇಥಿಯೋಪಿಯಾದ ತಿಗ್ರಾಯ್ ಪ್ರಾಂತ್ಯದ ಮುಖ್ಯ ಪಟ್ಟಣ ಮೆಕೆಲೆ ಮೇಲೆ ಬಾಂಬು ಹಾಕಿದವು. ಅಲ್ಲಿಂದ ಎರಡು ವರ್ಷ ಯುದ್ಧ. ಕಂದಕ ತೋಡಿಕೊಂಡು ಕೂತು, ಎದುರಿನ ಕಂದಕದ ಮೇಲೆ ಸಾಲು ಸಾಲು ಹುಡುಗರನ್ನು ನುಗ್ಗಿಸುವ ಯುದ್ಧ.

ಬಾದ್ಮೆಯಲ್ಲಿ ಎಣ್ಣೆ ಇಲ್ಲ, ಚಿನ್ನ ಇಲ್ಲ. ಒಣ ಬಯಲು, ಒಂದಷ್ಟು ಮನೆ, ಹೊಲ. ಸತ್ತವರು 70 ಸಾವಿರದಿಂದ 1 ಲಕ್ಷ ಎಂಬ ಅಂದಾಜಿದೆ. ತನ್ನ ಕಡೆ 19 ಸಾವಿರ ಜನ ಸತ್ತರು ಅಂತ ಎರಿಟ್ರಿಯಾ ತಾನೇ ಹೇಳಿತು. ಆ ದೇಶದ ಜನಸಂಖ್ಯೆ ಆಗ ಅರ್ಧ ಕೋಟಿಯೂ ಇರಲಿಲ್ಲ. 19 ಸಾವಿರ ಮನೆಗಳನ್ನು ಒಮ್ಮೆ ಕಣ್ಣ ಮುಂದೆ ತಂದುಕೊಳ್ಳಿ.

2000ದ ಡಿಸೆಂಬರ್ 12ರಂದು ಆಲ್ಜಿಯರ್ಸ್‌ನಲ್ಲಿ ಒಪ್ಪಂದ ಆಯಿತು. ಇಥಿಯೋಪಿಯಾದ ಪ್ರಧಾನಿ ಮೆಲೆಸ್ ಜೆನಾವಿ, ಎರಿಟ್ರಿಯಾದ ಅಧ್ಯಕ್ಷ ಇಸಾಯಾಸ್ ಅಫೆವೆರ್ಕಿ ಸಹಿ ಹಾಕಿದರು. ಆಲ್ಜೀರಿಯಾದ ಅಧ್ಯಕ್ಷ ಬೂತೆಫ್ಲಿಕಾ, ವಿಶ್ವಸಂಸ್ಥೆಯ ಕೋಫಿ ಅನಾನ್, ಅಮೆರಿಕದ ವಿದೇಶಾಂಗ ಕಾರ್ಯದರ್ಶಿ ಆಲ್‌ಬ್ರೈಟ್ ಪಕ್ಕದಲ್ಲೇ ಇದ್ದರು. ಐದು ಜನರ ಗಡಿ ಆಯೋಗ ಕೂರಬೇಕು, ಅದರ ತೀರ್ಪೇ ಕೊನೆ, ಅದನ್ನು ಇಬ್ಬರೂ ಪಾಲಿಸಬೇಕು, ಮೇಲ್ಮನವಿ ಇಲ್ಲ ಅಂತ ಬರೆದುಕೊಂಡರು. 2002ರ ಏಪ್ರಿಲ್ 13ಕ್ಕೆ ತೀರ್ಪು ಬಂತು. ಬಾದ್ಮೆ ಎರಿಟ್ರಿಯಾ ಕಡೆ ಬಿತ್ತು. ಇಥಿಯೋಪಿಯಾ ಬಿಟ್ಟುಕೊಡಲಿಲ್ಲ. 2018ರ ತನಕ ತೀರ್ಪನ್ನು ಪೂರ್ತಿ ಒಪ್ಪಿ ಜಾರಿ ಮಾಡುವ ಮನಸ್ಸೂ ಮಾಡಲಿಲ್ಲ.

ಹದಿನಾರು ವರ್ಷ! ನನಗೆ ಅರ್ಥವಾಗದೇ ಇರುವುದು ಇದೇ. ಜಗಳ ಆಡಿದವರು ಹಠಮಾರಿಗಳು, ಸರಿ. ಆದರೆ ಸಾಕ್ಷಿಯಾಗಿ ನಿಂತವರು ಎಲ್ಲಿ ಹೋದರು? ನನ್ನ ಮಟ್ಟಿಗೆ ಇದು ಬರೀ ಇಬ್ಬರ ತಪ್ಪಲ್ಲ. ಪಂಚಾಯ್ತಿ ಮಾಡಿಸಿದವರೂ ಇದರಲ್ಲಿ ಹೊಣೆಗಾರರು. ನೀವೇನಂತೀರಿ?

ಹೊಸಪೇಟೆ ಹುಡುಗ:

ಅಣ್ಣ, ನನಗೆ ಮೂಲವೇ ಗೊತ್ತಿಲ್ಲ. ಇವೆರಡೂ ಮೊದಲು ಒಂದೇ ದೇಶ ಆಗಿದ್ದವು ಅಲ್ವಾ? ಬೇರೆಯಾಗಿ ಐದೇ ವರ್ಷಕ್ಕೆ ಇಷ್ಟು ದೊಡ್ಡ ಯುದ್ಧ ಹೇಗೆ ಆಯಿತು? ಇಬ್ಬರೂ ನಾಯಕರು ಗೆಳೆಯರಾಗಿದ್ದರು ಅಂತಲೂ ಎಲ್ಲೋ ಓದಿದ್ದೆ.

ನಿವೃತ್ತ ಮೇಷ್ಟ್ರು:

ಒಳ್ಳೆಯ ಪ್ರಶ್ನೆ ಮಗು. ಇದನ್ನು ತಿಳಿಯದೆ ಬಾದ್ಮೆ ಅರ್ಥ ಆಗುವುದಿಲ್ಲ.

ಎರಿಟ್ರಿಯಾ 1890ರಿಂದ ಇಟಲಿಯ ವಸಾಹತು. ಇಥಿಯೋಪಿಯಾ ಮಾತ್ರ ಆಗ ಯಾರ ವಸಾಹತೂ ಆಗಲಿಲ್ಲ. 1896ರಲ್ಲಿ ಅಡ್ವಾದಲ್ಲಿ ಚಕ್ರವರ್ತಿ ಮೆನೆಲಿಕ್‌ನ ಸೇನೆ ಇಟಲಿಯನ್ನು ಸೋಲಿಸಿ ಹಿಂದಕ್ಕೆ ಕಳಿಸಿತು. ಆಮೇಲೆ 1900, 1902, 1908ರಲ್ಲಿ ಇಟಲಿ ಮತ್ತು ಮೆನೆಲಿಕ್ ನಡುವೆ ಮೂರು ಗಡಿ ಒಪ್ಪಂದ ಆದವು. ಗೆರೆ ಕಾಗದದ ಮೇಲೆ ಬಂತು. ನೆಲದ ಮೇಲೆ ಕಲ್ಲು ನೆಡಲಿಲ್ಲ. ಆ ಕಲ್ಲು ನೆಡದ ತಪ್ಪಿಗೆ ನೂರು ವರ್ಷದ ಮೇಲೆ ಮಕ್ಕಳು ಸತ್ತರು.

1941ರಲ್ಲಿ ಬ್ರಿಟಿಷರು ಇಟಲಿಯವರನ್ನು ಓಡಿಸಿದರು. 1950ರಲ್ಲಿ ವಿಶ್ವಸಂಸ್ಥೆ ಎರಿಟ್ರಿಯಾವನ್ನು ಇಥಿಯೋಪಿಯಾದ ಜೊತೆ ಒಕ್ಕೂಟ ಮಾಡಿಸಲು ತೀರ್ಮಾನಿಸಿತು. 1952ರಲ್ಲಿ ಒಕ್ಕೂಟ ಆಯಿತು. ಎರಿಟ್ರಿಯಾಕ್ಕೆ ತನ್ನದೇ ಶಾಸನಸಭೆ, ತನ್ನದೇ ಬಾವುಟ ಇತ್ತು. ಇಥಿಯೋಪಿಯಾದ ಚಕ್ರವರ್ತಿ ಹೈಲೆ ಸೆಲಾಸಿ ಒಂದೊಂದನ್ನೇ ಕಿತ್ತುಕೊಂಡು 1962ರಲ್ಲಿ ಪೂರ್ತಿ ನುಂಗಿದ. ಅಷ್ಟರಲ್ಲಿ, 1961ರಲ್ಲೇ, ಗುಡ್ಡಗಳಲ್ಲಿ ಬಂದೂಕಿನ ಹೋರಾಟ ಶುರುವಾಗಿತ್ತು. ಅದು ಮೂವತ್ತು ವರ್ಷ ನಡೆಯಿತು.

ಗೆಳೆತನದ ವಿಷಯಕ್ಕೆ ಬರುತ್ತೇನೆ. ಇಸಾಯಾಸ್ ಎರಿಟ್ರಿಯಾದ ಹೋರಾಟದ ನಾಯಕ. ಮೆಲೆಸ್ ಪಕ್ಕದ ತಿಗ್ರಾಯ್ ಪ್ರಾಂತ್ಯದ ಹೋರಾಟದವನು. ಇಥಿಯೋಪಿಯಾದ ರಾಜಧಾನಿ ಅಡಿಸ್ ಅಬಾಬಾದಲ್ಲಿದ್ದ ಮಿಲಿಟರಿ ಆಡಳಿತ ಇಬ್ಬರಿಗೂ ಶತ್ರು. ಇಬ್ಬರ ತಾಯ್ನುಡಿಯೂ ತಿಗ್ರಿನ್ಯಾ. 1991ರ ಮೇ ತಿಂಗಳಲ್ಲಿ ಒಬ್ಬರ ಪಡೆ ಅಸ್ಮಾರಾ ಹಿಡಿಯಿತು, ಇನ್ನೊಬ್ಬರ ಪಡೆ ಅಡಿಸ್ ಅಬಾಬಾ ಹಿಡಿಯಿತು. 1993ರ ಏಪ್ರಿಲ್‌ನಲ್ಲಿ ಎರಿಟ್ರಿಯಾದಲ್ಲಿ ಜನಮತ ಆಯಿತು. ಶೇಕಡ 99.8 ಜನ ಸ್ವಾತಂತ್ರ್ಯಕ್ಕೆ ಮತ ಹಾಕಿದರು. ಮೆಲೆಸ್ ಸರ್ಕಾರ ಅದನ್ನು ಒಪ್ಪಿಕೊಂಡಿತು. ಆಫ್ರಿಕಾದಲ್ಲಿ ಒಂದು ದೇಶ ತನ್ನ ಸಮುದ್ರತೀರ ಪೂರ್ತಿ ಹೋಗುತ್ತದೆ ಅಂತ ಗೊತ್ತಿದ್ದೂ ಹೀಗೆ ಒಪ್ಪಿದ್ದು ಸಣ್ಣ ಮಾತಲ್ಲ. ಮೆಲೆಸ್ ಮೇಲೆ ಅವನ ದೇಶದಲ್ಲಿ ಇವತ್ತಿಗೂ ಸಿಟ್ಟು ಇರುವುದು ಅದಕ್ಕೇ.

ಇಬ್ಬರೂ ಅಷ್ಟು ಹತ್ತಿರ ಇದ್ದರು ಅಂತಲೇ ಗಡಿ ಗುರುತಿಸಲು ಯಾರೂ ಅವಸರ ಮಾಡಲಿಲ್ಲ. ನಮ್ಮ ಹಳ್ಳಿಗಳಲ್ಲಿ ಅಣ್ಣತಮ್ಮಂದಿರು ಪಾಲು ಮಾಡಿಕೊಂಡು ಬದು ಹಾಕದೇ ಬಿಡುತ್ತಾರಲ್ಲ, ಹಾಗೆ. ಆಮೇಲೆ 1997ರ ನವೆಂಬರ್‌ನಲ್ಲಿ ಎರಿಟ್ರಿಯಾ ನಕ್ಫಾ ಎಂಬ ತನ್ನದೇ ನಾಣ್ಯ ತಂದಿತು. ಇನ್ನು ಮುಂದೆ ದೊಡ್ಡ ವ್ಯಾಪಾರ ಡಾಲರ್‌ನಲ್ಲಿ ಮಾಡೋಣ ಎಂದಿತು ಇಥಿಯೋಪಿಯಾ. ಎರಿಟ್ರಿಯಾಕ್ಕೆ ಹೋದ ಅಸ್ಸಬ್ ಬಂದರಿನ ಸುಂಕದ ತಕರಾರು ಬೇರೆ. ಮನಸ್ಸು ಮುರಿದಿದ್ದು ಅಲ್ಲಿ. ಬಾದ್ಮೆ ಕಿಡಿ ಅಷ್ಟೇ.

ಕಾನೂನು ವಿದ್ಯಾರ್ಥಿನಿ:

ಮೇಷ್ಟ್ರೇ, ನೀವು ಹೇಳಿದ ಮೇಲೆ ನನ್ನ ಕೆಲಸ ಸುಲಭ ಆಯಿತು. ಸಾರ್ವಭೌಮತ್ವದ ಕಡೆಯಿಂದ ಎರಡು ಮಾತು.

1964ರಲ್ಲಿ ಕೈರೋದಲ್ಲಿ ಆಫ್ರಿಕಾ ಏಕತಾ ಸಂಘಟನೆ ಒಂದು ನಿರ್ಣಯ ಮಾಡಿತು. ಸ್ವಾತಂತ್ರ್ಯ ಬಂದಾಗ ಯಾವ ಗಡಿ ಇತ್ತೋ ಅದನ್ನೇ ಎಲ್ಲರೂ ಗೌರವಿಸಬೇಕು ಅಂತ. ವಸಾಹತುಗಾರರು ಎಳೆದ ಗೆರೆ ಅನ್ಯಾಯದ್ದೇ ಇರಬಹುದು. ಆದರೆ ಅದನ್ನು ಕೆದಕಿದರೆ ಇಡೀ ಖಂಡ ಹೊತ್ತಿಕೊಳ್ಳುತ್ತದೆ ಎಂಬ ಭಯ. ಸೊಮಾಲಿಯಾ, ಮೊರಾಕೊ ಒಪ್ಪಲಿಲ್ಲ. ಉಳಿದವರು ಒಪ್ಪಿದರು. ಬಾದ್ಮೆ ವಿಷಯದಲ್ಲಿ ಎರಿಟ್ರಿಯಾ ಹಿಡಿದದ್ದು ಇದನ್ನೇ. ಇಟಲಿಯ ಕಾಲದ ಒಪ್ಪಂದದ ಗೆರೆ ನೋಡಿ, ಆ ಊರು ನಮ್ಮದು ಅಂತ.

ಗೆರೆಯ ವಿಷಯದಲ್ಲಿ ಎರಿಟ್ರಿಯಾ ಹೇಳಿದ್ದು ಸರಿ ಎಂದೇ ಆಯೋಗ ಹೇಳಿತು. ಆದರೆ ಮೂಲ ಬರಹದಲ್ಲಿ ಬಿಟ್ಟುಹೋದ ಒಂದು ಸಂಗತಿ ಇದೆ. ಅದೇ ಆಲ್ಜಿಯರ್ಸ್ ಒಪ್ಪಂದದಲ್ಲಿ ಇನ್ನೊಂದು ಆಯೋಗವೂ ಇತ್ತು, ಪರಿಹಾರದ ಆಯೋಗ. ಅದು 2005ರ ಡಿಸೆಂಬರ್‌ನಲ್ಲಿ ಹೇಳಿದ್ದು ಏನು ಗೊತ್ತಾ? 1998ರ ಮೇ 12ರಂದು ಎರಿಟ್ರಿಯಾ ಸೇನೆ ನುಗ್ಗಿಸಿದ್ದು ವಿಶ್ವಸಂಸ್ಥೆಯ ಸನ್ನದಿಗೆ ವಿರುದ್ಧ. ಮೇ 6ರ ಸಣ್ಣ ಚಕಮಕಿಯನ್ನು ತೋರಿಸಿ ಆತ್ಮರಕ್ಷಣೆ ಎನ್ನುವ ಹಾಗಿಲ್ಲ. ನೆಲ ನಿನ್ನದೇ ಇದ್ದರೂ, ಇನ್ನೊಬ್ಬರು ಶಾಂತಿಯಿಂದ ಆಡಳಿತ ಮಾಡುತ್ತಿರುವ ಊರನ್ನು ಟ್ಯಾಂಕ್ ತಂದು ಕಿತ್ತುಕೊಳ್ಳುವ ಹಕ್ಕು ನಿನಗಿಲ್ಲ.

ಎರಡನ್ನೂ ಒಟ್ಟಿಗೆ ಇಟ್ಟು ನೋಡಿ. ಊರು ಎರಿಟ್ರಿಯಾದ್ದು. ಯುದ್ಧ ಶುರು ಮಾಡಿದ ತಪ್ಪೂ ಎರಿಟ್ರಿಯಾದ್ದು. ಈ ಎರಡು ಮಾತನ್ನು ಒಟ್ಟಿಗೆ ಹೇಳುವ ಧೈರ್ಯ ಇಬ್ಬರಿಗೂ ಇರಲಿಲ್ಲ. ಎರಿಟ್ರಿಯಾದವರು ಮೊದಲನೆಯದನ್ನು ಮಾತ್ರ ಹೇಳಿದರು, ಇಥಿಯೋಪಿಯಾದವರು ಎರಡನೆಯದನ್ನು ಮಾತ್ರ.

2009ರಲ್ಲಿ ಲೆಕ್ಕ ಚುಕ್ತಾ ಆಯಿತು. ಇಥಿಯೋಪಿಯಾಕ್ಕೆ ಸುಮಾರು 17.4 ಕೋಟಿ ಡಾಲರ್, ಎರಿಟ್ರಿಯಾಕ್ಕೆ ಸುಮಾರು 16.3 ಕೋಟಿ ಡಾಲರ್ ಬರಬೇಕು ಅಂತ. ಕಳೆದರೆ ವ್ಯತ್ಯಾಸ ಒಂದು ಕೋಟಿ ಚಿಲ್ಲರೆ.

ಮೆಕೆಲೆಯಲ್ಲಿದ್ದವ:

ನಾನು 2008ರಿಂದ ಮೂರು ವರ್ಷ ಮೆಕೆಲೆಯಲ್ಲಿ ಪಾಠ ಮಾಡಿದವನು. ಆಗ ಅಲ್ಲಿ ನಮ್ಮ ದೇಶದ ಮೇಷ್ಟರು ಬಹಳ ಜನ ಇದ್ದರು. ಕಾನೂನಿನ ಮಾತು ಸರಿ ಮೇಡಂ. ನಾನು ಕಂಡದ್ದು ಸ್ವಲ್ಪ ಬೇರೆ ಥರ ಇತ್ತು. ಹೇಳುತ್ತೇನೆ.

1998ರ ಜೂನ್ 5ರಂದು ಮೆಕೆಲೆಯ ಐದೆರ್ ಎಂಬ ಕಡೆ ಶಾಲೆಯ ಮೇಲೆ ಬಾಂಬು ಬಿತ್ತು. ಸುತ್ತಲ ಬೀದಿಗಳಲ್ಲೂ ಬಿತ್ತು. ಮಕ್ಕಳೂ ಸೇರಿ 50ಕ್ಕೂ ಜಾಸ್ತಿ ಜನ ಸತ್ತರು. ಆ ಊರಿನಲ್ಲಿ ಯಾರ ಮುಂದೆಯೂ ಬಾದ್ಮೆ ಅಂದರೆ ಸಾಕು, ಮಾತು ಐದೆರ್‌ಗೆ ಬಂದು ನಿಲ್ಲುತ್ತಿತ್ತು. ನಮ್ಮ ಬೀದಿಯಲ್ಲಿ ಒಬ್ಬ ತಾಯಿ ಕಾಫಿ ಬೀಜ ಹುರಿದು, ಮೂರು ಸುತ್ತು ಕಾಫಿ ಕೊಟ್ಟು, ಮೂರನೇ ಸುತ್ತಿಗೆ ಮಗನ ಫೋಟೋ ತಂದು ತೋರಿಸುತ್ತಿದ್ದರು. ಮಗ ಯುದ್ಧದಲ್ಲಿ ಸತ್ತಿದ್ದ. ಆ ಊರನ್ನು ಹೇಗಪ್ಪಾ ಬಿಟ್ಟುಕೊಡುವುದು, ಹಾಗಾದರೆ ನನ್ನ ಮಗ ಯಾಕೆ ಸತ್ತ, ಅಂತ ಆಕೆ ಕೇಳಿದರೆ ಏನು ಹೇಳುತ್ತೀರಿ? ನನಗೆ ಬಾಯಿ ಬರಲಿಲ್ಲ.

ಇನ್ನೊಂದು ವಿಷಯ. ತೀರ್ಪು ಬಂದ ದಿನ ಇಥಿಯೋಪಿಯಾದ ಸರ್ಕಾರ ಬಾದ್ಮೆ ನಮಗೇ ಸಿಕ್ಕಿತು, ಗೆದ್ದೆವು ಅಂತ ಜನಕ್ಕೆ ಹೇಳಿತ್ತು. ತೀರ್ಪಿನಲ್ಲಿ ಊರಿನ ಹೆಸರು ಹಿಡಿದು ಎಲ್ಲಿದೆ ಅಂತ ಬರೆದಿರಲಿಲ್ಲ, ಅಕ್ಷಾಂಶ ರೇಖಾಂಶದ ಅಂಕಿಗಳಷ್ಟೇ ಇದ್ದವು. ಅಂಕಿಗಳನ್ನು ನಕ್ಷೆಯ ಮೇಲೆ ಇಟ್ಟು ನೋಡಿದ ಮೇಲೆ ಊರು ಆಚೆ ಬದಿ ಹೋಗಿದ್ದು ಗೊತ್ತಾಯಿತು. ಗೆದ್ದೆವು ಅಂತ ಕುಣಿದ ಜನಕ್ಕೆ ಮತ್ತೆ ಸೋತೆವು ಅಂತ ಹೇಳುವುದು ಯಾವ ಸರ್ಕಾರಕ್ಕೂ ಕಷ್ಟ.

ಇರೋಬ್ ಜನರ ಕಥೆ ಇನ್ನೂ ನೋವಿನದು. ತಿಗ್ರಾಯ್‌ನ ಉತ್ತರದ ಗುಡ್ಡಗಳಲ್ಲಿ ಇರುವ ಸಣ್ಣ ಸಮುದಾಯ. ಅವರ ಮಾತು ಸಾಹೊ. ಗೆರೆ ಎಳೆದಾಗ ಅವರ ನಾಡು ಎರಡು ಭಾಗ ಆಯಿತು. ಅವರನ್ನು ಯಾರೂ ಕೇಳಲಿಲ್ಲ. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನುವ ಹಾಗೆ. ಇಟಲಿ ಮತ್ತು ಚಕ್ರವರ್ತಿ ಬರೆದುಕೊಂಡ ಕಾಗದ ಹಿಡಿದು, ಈಗ ಅಲ್ಲಿ ಬದುಕುತ್ತಿರುವವರ ಮನೆ ನಡುವೆ ಗೆರೆ ಎಳೆಯುವುದು ನ್ಯಾಯವಾ?

ಕಾನೂನು ವಿದ್ಯಾರ್ಥಿನಿ:

ಸರ್, ಆ ತಾಯಿಯ ಪ್ರಶ್ನೆಗೆ ನನ್ನ ಹತ್ತಿರವೂ ಉತ್ತರ ಇಲ್ಲ. ಆದರೆ ಒಂದು ವಿಷಯ ಸ್ಪಷ್ಟ ಆಗಬೇಕು. ಆಯೋಗ ಜನರನ್ನು ಮರೆತದ್ದಲ್ಲ. ಜನರನ್ನು ನೋಡುವ ಅಧಿಕಾರವನ್ನೇ ಅದಕ್ಕೆ ಕೊಟ್ಟಿರಲಿಲ್ಲ.

ಒಪ್ಪಂದದ ನಾಲ್ಕನೇ ಕಲಮಿನಲ್ಲಿ ಬರೆದಿದ್ದಾರೆ. ವಸಾಹತು ಕಾಲದ ಒಪ್ಪಂದಗಳು ಮತ್ತು ಅಂತರರಾಷ್ಟ್ರೀಯ ಕಾನೂನು, ಇಷ್ಟನ್ನೇ ನೋಡಿ ತೀರ್ಮಾನಿಸಬೇಕು. ನ್ಯಾಯ ಅನ್ಯಾಯ ತೂಗಿ, ಇಲ್ಲಿ ಸ್ವಲ್ಪ ಬಿಟ್ಟು ಅಲ್ಲಿ ಸ್ವಲ್ಪ ಹಿಡಿದು ಸರಿಮಾಡುವ ಅಧಿಕಾರ ಇಲ್ಲ. ಇದನ್ನು ಬೇಕು ಅಂತ ಹಾಕಿಸಿಕೊಂಡವರು ಅವೇ ಎರಡು ಸರ್ಕಾರಗಳು. ಯಾಕೆಂದರೆ ಇಬ್ಬರಿಗೂ ತಾವೇ ಗೆಲ್ಲುತ್ತೇವೆ ಎಂಬ ನಂಬಿಕೆ ಇತ್ತು. ರಾಜಿಗೆ ಜಾಗವನ್ನೇ ಬಿಡಲಿಲ್ಲ.

ಅದೇ ಗೆರೆ ಜಲಂಬೆಸ್ಸಾ ಪಟ್ಟಣವನ್ನು ಇಥಿಯೋಪಿಯಾಕ್ಕೆ ಕೊಟ್ಟಿತು. ಅದನ್ನು ಮಾತ್ರ ಇಥಿಯೋಪಿಯಾ ಬೇಡ ಅನ್ನಲಿಲ್ಲ. 2003ರ ಸೆಪ್ಟೆಂಬರ್‌ನಲ್ಲಿ ಮೆಲೆಸ್ ವಿಶ್ವಸಂಸ್ಥೆಗೆ ಪತ್ರ ಬರೆದು ಬಾದ್ಮೆಯ ತೀರ್ಪು ಕಾನೂನಿಗೆ ವಿರುದ್ಧ, ಅನ್ಯಾಯ ಅಂದರು. ಪಂಚರನ್ನು ಆರಿಸಿದವರು ನೀವು, ನಿಯಮ ಬರೆದವರು ನೀವು. ಸೋತ ಮೇಲೆ ಪಂಚಾಯ್ತಿಯೇ ಸರಿಯಿಲ್ಲ ಅನ್ನುವುದು ನನಗೆ ಒಪ್ಪಿಗೆಯಿಲ್ಲ. ಇದರಲ್ಲಿ ನಾನು ಎರಿಟ್ರಿಯಾದ ಪರ.

ಕೊಡಗಿನ ಹವಾಲ್ದಾರ್:

ನಾನು ಜಾಸ್ತಿ ಬರೆಯುವವನಲ್ಲ. ಆದರೆ ಈ ಚರ್ಚೆ ನೋಡಿ ಸುಮ್ಮನಿರಲು ಆಗಲಿಲ್ಲ.

ಅಲ್ಲಿದ್ದ ವಿಶ್ವಸಂಸ್ಥೆಯ ಶಾಂತಿಪಡೆಯಲ್ಲಿ ನಮ್ಮ ಬೆಟಾಲಿಯನ್ ಇತ್ತು. ಪಡೆಗೆ ಮಂಜೂರಾದದ್ದು 4,200 ಜನ. ಪಶ್ಚಿಮದಲ್ಲಿ ಜೋರ್ಡಾನಿನವರು, ಪೂರ್ವದಲ್ಲಿ ಕೀನ್ಯಾದವರು, ಮಧ್ಯದಲ್ಲಿ ನಾವು. 2004ರಿಂದ 2006ರ ತನಕ ಇಡೀ ಪಡೆಯ ಕಮಾಂಡರ್ ಕೂಡ ನಮ್ಮ ದೇಶದವರೇ, ಮೇಜರ್ ಜನರಲ್ ರಾಜೇಂದರ್ ಸಿಂಗ್. ನಾನಿದ್ದದ್ದು ಅದಕ್ಕೂ ಮುಂಚೆ.

ಎತ್ತರದ ಜಾಗ. ರಾತ್ರಿ ಚಳಿ ಮೂಳೆಗೆ ಇಳಿಯುತ್ತಿತ್ತು. ಎಲ್ಲಿ ನೋಡಿದರೂ ಕಲ್ಲು, ಪಾಪಾಸುಕಳ್ಳಿ. ಆ ಕಳ್ಳಿಯ ಹಣ್ಣನ್ನು ಮಕ್ಕಳು ಮಾರಲು ತರುತ್ತಿದ್ದರು. ಭಯ ಇದ್ದದ್ದು ನೆಲಬಾಂಬಿನದು. ದನ ಕಾಯುವ ಹುಡುಗರು ದಾರಿ ಬಿಟ್ಟು ಇಳಿದರೆ ನಮ್ಮ ಎದೆ ಹೊಡೆದುಕೊಳ್ಳುತ್ತಿತ್ತು.

ಒಂದು ಸಂಗತಿ ಎಲ್ಲರೂ ತಿಳಿಯಬೇಕು. ಎರಡೂ ಸೇನೆಗಳ ನಡುವೆ 25 ಕಿಲೋಮೀಟರ್ ಅಗಲದ ಖಾಲಿ ಪಟ್ಟಿ ಇತ್ತಲ್ಲ, ಅದು ಪೂರ್ತಿ ಎರಿಟ್ರಿಯಾದ ಒಳಗೆ ಇತ್ತು. ಇಥಿಯೋಪಿಯಾದ ಕಡೆ ಒಂದು ಗೇಣೂ ಇರಲಿಲ್ಲ. ಯುದ್ಧದಲ್ಲಿ ಸೋತಿದ್ದರಿಂದ ಎರಿಟ್ರಿಯಾ ಒಪ್ಪಿಕೊಂಡಿತು. ಬೇಗ ಗಡಿಕಲ್ಲು ಬೀಳುತ್ತದೆ, ಆಮೇಲೆ ಇವರು ಹೋಗುತ್ತಾರೆ ಎಂಬ ಲೆಕ್ಕದಲ್ಲಿ. ಕಲ್ಲು ಬೀಳಲಿಲ್ಲ. ನಾವು ಅಲ್ಲೇ ಉಳಿದೆವು. ಮೊದಮೊದಲು ನಮ್ಮನ್ನು ಕಂಡರೆ ಕೈ ಬೀಸುತ್ತಿದ್ದ ಜನ ಬರುಬರುತ್ತಾ ಮುಖ ತಿರುಗಿಸತೊಡಗಿದರು. ಅವರದು ತಪ್ಪು ಅಂತ ನಾನು ಹೇಳುವುದಿಲ್ಲ.

ನಮಗೆ ಇದ್ದ ಅಧಿಕಾರ ನೋಡುವುದು, ಬರೆದು ಕಳಿಸುವುದು. ಅಷ್ಟೇ. ನಾವು ಬರೆದು ಕಳಿಸಿದೆವು. ಅದು ನ್ಯೂಯಾರ್ಕ್‌ಗೆ ಹೋಯಿತು. ಅಲ್ಲಿಂದ ಏನೂ ಬರಲಿಲ್ಲ.

2005ರ ಅಕ್ಟೋಬರ್‌ನಲ್ಲಿ ಎರಿಟ್ರಿಯಾ ಹೆಲಿಕಾಪ್ಟರ್ ಹಾರಾಟ ನಿಲ್ಲಿಸಿತು. ನಮ್ಮ ಹಿಂದೆ ಹೋದ ಗೆಳೆಯರು ಹೇಳುತ್ತಿದ್ದರು, ಯಾರಿಗಾದರೂ ಗಾಯ ಆದರೆ ಆ ಗುಡ್ಡದ ರಸ್ತೆಯಲ್ಲೇ ಗಂಟೆಗಟ್ಟಲೆ ಸಾಗಿಸಬೇಕು. ಕೊನೆಗೆ ಡೀಸೆಲ್ ಕೊಡುವುದನ್ನೂ ನಿಲ್ಲಿಸಿದರು. 2008ರ ಜುಲೈ 31ಕ್ಕೆ ಪಡೆಯನ್ನೇ ಮುಚ್ಚಿದರು. ಕೆಲಸ ಮುಗಿದು ಬಂದದ್ದಲ್ಲ ಅದು. ಇವತ್ತಿಗೂ ಮನಸ್ಸಿಗೆ ಚುಚ್ಚುತ್ತದೆ.

ಗಡಿರೇಖೆ:

ಹವಾಲ್ದಾರ್ ಸರ್, ನೀವು ಬರೆದದ್ದಕ್ಕೆ ತುಂಬಾ ಧನ್ಯವಾದ. ನ್ಯೂಯಾರ್ಕ್‌ನಿಂದ ಏನೂ ಬರಲಿಲ್ಲ ಅಂದಿರಿ. ನಾನು ಕೇಳಬೇಕು ಅಂದುಕೊಂಡದ್ದು ಅಲ್ಲೇ ಇದೆ.

ಮಧ್ಯಸ್ಥಿಕೆ ಹೇಗೆ ನಡೆಯಿತು ನೋಡಿ. ಯುದ್ಧ ಶುರುವಾದ ತಿಂಗಳೊಳಗೆ ಅಮೆರಿಕ ಮತ್ತು ರುವಾಂಡ ಸೇರಿ ಒಂದು ಸೂತ್ರ ತಂದವು. ಎರಿಟ್ರಿಯಾ ಮೇ 6ಕ್ಕೆ ಮೊದಲು ಇದ್ದ ಜಾಗಕ್ಕೆ ಹೋಗಲಿ, ಆಮೇಲೆ ಗಡಿ ಗುರುತಿಸೋಣ. ಇಥಿಯೋಪಿಯಾ ಹೂಂ ಅಂದಿತು. ಎರಿಟ್ರಿಯಾ ಊಹೂಂ ಅಂದಿತು. ಆಮೇಲೆ ಆಫ್ರಿಕಾ ಏಕತಾ ಸಂಘಟನೆ ಕೈಹಾಕಿತು. ಬುರ್ಕಿನಾ ಫಾಸೊ, ಜಿಂಬಾಬ್ವೆ, ಜಿಬೂಟಿ ಮುಖ್ಯಸ್ಥರ ತಂಡ. ಸೂತ್ರ ಹೆಚ್ಚುಕಡಿಮೆ ಅದೇ. ಎರಿಟ್ರಿಯಾ ಒಪ್ಪಲಿಲ್ಲ. ಜಿಬೂಟಿ ಇಥಿಯೋಪಿಯಾದ ಪರ ಇದೆ ಅಂತ ದೂರಿತು, ಅದಕ್ಕೆ ಜಿಬೂಟಿಯೇ ಎರಿಟ್ರಿಯಾ ಜೊತೆ ಸಂಬಂಧ ಕಡಿದುಕೊಂಡಿತು. 1999ರ ಫೆಬ್ರವರಿಯಲ್ಲಿ ಇಥಿಯೋಪಿಯಾ ಬಾದ್ಮೆಯನ್ನು ವಾಪಸ್ ಹಿಡಿಯಿತು. ತಕ್ಷಣ ಎರಿಟ್ರಿಯಾ ಸೂತ್ರಕ್ಕೆ ಹೂಂ ಅಂದಿತು. ಆಗ ಇಥಿಯೋಪಿಯಾಕ್ಕೆ ಅವಸರ ಇರಲಿಲ್ಲ. ಅದೇ ವರ್ಷ ಆಲ್ಜೀರಿಯಾ ಮುಂದೆ ನಿಂತು ಜಾರಿಯ ವಿವರ ಬರೆದು ಕೊಟ್ಟಾಗ ಎರಿಟ್ರಿಯಾ ಒಪ್ಪಿತು, ಇಥಿಯೋಪಿಯಾ ಬೇಡ ಅಂದಿತು. 2000ದ ಮೇ 12ಕ್ಕೆ ದೊಡ್ಡ ದಾಳಿ ಮಾಡಿ ಎರಿಟ್ರಿಯಾದ ಒಳಕ್ಕೆ ನುಗ್ಗಿತು. ಜೂನ್ 18ಕ್ಕೆ ಕದನವಿರಾಮ.

ರಣರಂಗದಲ್ಲಿ ಗೆದ್ದವನಿಗೆ ಮಾತು ಬೇಡ, ಸೋತವನಿಗೆ ಬೇಕು. ಪ್ರತಿ ಸಲವೂ ಇಷ್ಟೇ. ಮಧ್ಯಸ್ಥಗಾರರು ಕಾಗದ ಹಿಡಿದು ಹಿಂದೆ ಹಿಂದೆ ಓಡಿದರು.

ಎರಿಟ್ರಿಯಾಕ್ಕೆ ಆಫ್ರಿಕಾ ಏಕತಾ ಸಂಘಟನೆಯ ಮೇಲೆ ನಂಬಿಕೆಯೇ ಇರಲಿಲ್ಲ ಎನ್ನುವುದನ್ನೂ ಮರೆಯಬಾರದು. ಅವರ ಮೂವತ್ತು ವರ್ಷದ ಹೋರಾಟಕ್ಕೆ ಅದು ಒಂದು ಮಾತೂ ಆಡಿರಲಿಲ್ಲ. 1993ರಲ್ಲಿ ಸದಸ್ಯನಾಗಿ ಮೊದಲ ಸಲ ಮಾತಾಡಲು ನಿಂತಾಗಲೇ ಇಸಾಯಾಸ್ ಅದನ್ನು ಮುಖಕ್ಕೆ ಹೇಳಿದ್ದರು. ಮೇಲಾಗಿ ಅದರ ಕಚೇರಿ ಇದ್ದದ್ದು ಅಡಿಸ್ ಅಬಾಬಾದಲ್ಲಿ. ಎದುರಾಳಿಯ ಮನೆ ಜಗಲಿಯಲ್ಲಿ ಪಂಚಾಯ್ತಿ ಕೂತರೆ ಯಾರಿಗೆ ಸಮಾಧಾನ ಆಗುತ್ತದೆ?

ಇನ್ನು ಮುಖ್ಯ ವಿಷಯ. ಜೂನ್ 2000ದ ಕದನವಿರಾಮದ ಕಾಗದದಲ್ಲಿ 14ನೇ ಕಲಮು ಇದೆ. ಯಾರಾದರೂ ಮಾತಿಗೆ ತಪ್ಪಿದರೆ ಆಫ್ರಿಕಾ ಏಕತಾ ಸಂಘಟನೆ ಮತ್ತು ವಿಶ್ವಸಂಸ್ಥೆ ಖಾತರಿ. ಬೇಕಾದರೆ ಭದ್ರತಾ ಮಂಡಳಿ ಸನ್ನದಿನ ಏಳನೇ ಅಧ್ಯಾಯದ ಪ್ರಕಾರ ಬಲವಂತದ ಕ್ರಮವನ್ನೂ ತೆಗೆದುಕೊಳ್ಳಬಹುದು. ಜಾಮೀನು ಬರೆದುಕೊಟ್ಟ ಹಾಗೆ ಇದು! ಇಥಿಯೋಪಿಯಾ ತೀರ್ಪು ತಳ್ಳಿಹಾಕಿದಾಗ ಈ ಜಾಮೀನುದಾರರು ಮಾಡಿದ್ದೇನು? 2004ರಲ್ಲಿ ಕೆನಡಾದ ಲಾಯ್ಡ್ ಆಕ್ಸ್‌ವರ್ದಿಯನ್ನು ವಿಶೇಷ ದೂತ ಅಂತ ಕಳಿಸಿದರು. ಮುಗಿದ ತೀರ್ಪನ್ನು ಮತ್ತೆ ಬಿಚ್ಚಲು ಬಂದಿದ್ದಾರೆ ಅಂತ ಎರಿಟ್ರಿಯಾ ಅವರನ್ನು ಭೇಟಿಯಾಗಲೇ ಇಲ್ಲ. 2007ರಲ್ಲಿ ಗಡಿ ಆಯೋಗ ನೆಲದಲ್ಲಿ ಕಲ್ಲು ನೆಡಲಾಗದೆ, ನಕ್ಷೆಯ ಮೇಲಿನ ಬಿಂದುಗಳೇ ಗಡಿ ಅಂತ ಹೇಳಿ ಬಾಗಿಲು ಮುಚ್ಚಿತು.

ಯಾಕೆ ಸುಮ್ಮನಿದ್ದರು? ಇಥಿಯೋಪಿಯಾ ದೊಡ್ಡ ದೇಶ. 2001ರ ನಂತರ ಅಮೆರಿಕಕ್ಕೆ ಭಯೋತ್ಪಾದನೆ ವಿರುದ್ಧ ಜೊತೆಗಾರ ಬೇಕಿತ್ತು. 2006ರ ಕೊನೆಗೆ ಇಥಿಯೋಪಿಯಾದ ಸೇನೆ ಸೊಮಾಲಿಯಾಕ್ಕೆ ಹೋಯಿತು. ಅಂಥ ದೇಶದ ಮೇಲೆ ಒಂದು ಹಳ್ಳಿಗಾಗಿ ಒತ್ತಡ ಹಾಕಲು ಯಾರಿಗೂ ಮನಸ್ಸಿರಲಿಲ್ಲ. ಸಣ್ಣ ದೇಶದ ಸಾರ್ವಭೌಮತ್ವ ಕಾಗದದಲ್ಲಿ ದೊಡ್ಡ ದೇಶದ್ದಕ್ಕೆ ಸಮ. ತಕ್ಕಡಿಗೆ ಹಾಕಿದಾಗ ಸಮ ಇರಲಿಲ್ಲ. ಇದು ನನಗೆ ನಿಜಕ್ಕೂ ಸಿಟ್ಟು ತರಿಸುತ್ತದೆ.

ಹುಬ್ಬಳ್ಳಿ ಓದುಗ:

ಗಡಿರೇಖೆ ಅವರೇ, ನಿಮ್ಮ ಸಿಟ್ಟು ಅರ್ಥ ಆಗುತ್ತದೆ. ಆದರೆ ಎರಿಟ್ರಿಯಾ ಅಂದರೆ ಇಸಾಯಾಸ್ ಸರ್ಕಾರ ಮಾತ್ರ ಅಲ್ಲ. ಆ ಸರ್ಕಾರ ಈ ಅನ್ಯಾಯವನ್ನು ಹೇಗೆ ಬಳಸಿಕೊಂಡಿತು ಅನ್ನುವುದನ್ನೂ ಹೇಳಲೇಬೇಕು.

1997ರಲ್ಲಿ ಅಲ್ಲಿ ಸಂವಿಧಾನ ಸಿದ್ಧವಾಗಿ ಅಂಗೀಕಾರ ಆಗಿತ್ತು. ಅದು ಇವತ್ತಿನ ತನಕ ಜಾರಿಗೆ ಬಂದಿಲ್ಲ. ರಾಷ್ಟ್ರಮಟ್ಟದ ಚುನಾವಣೆ ಒಮ್ಮೆಯೂ ಆಗಿಲ್ಲ. 2001ರಲ್ಲಿ ಹೋರಾಟದ ಹಳೆಯ ಹಿರಿಯರೇ ಹದಿನೈದು ಜನ ಬಹಿರಂಗ ಪತ್ರ ಬರೆದು, ಸಂವಿಧಾನ ಜಾರಿ ಮಾಡಿ ಅಂತ ಕೇಳಿದರು. ಸೆಪ್ಟೆಂಬರ್‌ನಲ್ಲಿ ಅವರಲ್ಲಿ ಹನ್ನೊಂದು ಜನರನ್ನು ಬಂಧಿಸಿದರು. ವಿಚಾರಣೆ ಇಲ್ಲ. ಖಾಸಗಿ ಪತ್ರಿಕೆಗಳನ್ನೆಲ್ಲ ಮುಚ್ಚಿಸಿದರು. ಹದಿನೆಂಟು ತಿಂಗಳು ಅಂತ ಇದ್ದ ರಾಷ್ಟ್ರಸೇವೆಗೆ ಕೊನೆಯೇ ಇಲ್ಲದಂತಾಯಿತು. ಹುಡುಗ ಹುಡುಗಿಯರು ಯೌವನವನ್ನೆಲ್ಲ ಸೇನೆಯಲ್ಲೋ ಸರ್ಕಾರದ ಬಿಟ್ಟಿ ದುಡಿಮೆಯಲ್ಲೋ ಕಳೆದರು. ಯಾರಾದರೂ ಕೇಳಿದರೆ ಒಂದೇ ಉತ್ತರ: ಗಡಿ ಇನ್ನೂ ಶತ್ರುವಿನ ಕೈಯಲ್ಲಿದೆ.

ಓಡಿಹೋದವರು ಎಷ್ಟೋ. 2013ರ ಅಕ್ಟೋಬರ್ 3ರಂದು ಇಟಲಿಯ ಲಂಪೆಡುಸಾ ದ್ವೀಪದ ಹತ್ತಿರ ದೋಣಿ ಮುಳುಗಿ 360ಕ್ಕೂ ಹೆಚ್ಚು ಜನ ಸತ್ತರಲ್ಲ, ಅವರಲ್ಲಿ ಬಹುಪಾಲು ಎರಿಟ್ರಿಯಾದವರು. ಅವರನ್ನು ಬಾದ್ಮೆಯಲ್ಲಿ ಸತ್ತವರ ಲೆಕ್ಕಕ್ಕೆ ಯಾರೂ ಸೇರಿಸುವುದಿಲ್ಲ. ನಾನು ಸೇರಿಸುತ್ತೇನೆ. ದೇಶದ ಸಾರ್ವಭೌಮತ್ವ ಕಾಯುತ್ತೇವೆ ಅಂತ ಹೇಳುತ್ತಾ ಆ ದೇಶದ ಮಕ್ಕಳೇ ಊರು ಬಿಟ್ಟು ಸಮುದ್ರಕ್ಕೆ ಬೀಳುವಂತಾದರೆ, ಕಾದದ್ದು ಏನನ್ನು?

ಗಡಿರೇಖೆ:

ಒಪ್ಪುತ್ತೇನೆ. ನಾನು ಸರ್ಕಾರಗಳ ಮಾತನ್ನೇ ಬರೆದುಬಿಟ್ಟೆ. ಆದರೆ ಒಂದು ಸೇರಿಸುತ್ತೇನೆ. ಜಾಮೀನುದಾರರು 2002ರಲ್ಲೇ ಮಾತು ಉಳಿಸಿಕೊಂಡಿದ್ದರೆ ಆ ನೆಪ ಇಸಾಯಾಸ್ ಕೈಗೆ ಸಿಗುತ್ತಿರಲಿಲ್ಲ.

ಮೆಕೆಲೆಯಲ್ಲಿದ್ದವ:

ಯುದ್ಧದ ಹೊತ್ತಿನಲ್ಲಿ ಮನೆಯಿಂದ ಎತ್ತಿ ಹಾಕಿದವರ ವಿಷಯ ಯಾರೂ ತೆಗೆಯಲಿಲ್ಲ. ಇಥಿಯೋಪಿಯಾದಲ್ಲೇ ನೆಲೆಸಿದ್ದ, ಎರಿಟ್ರಿಯಾ ಮೂಲದ ಸುಮಾರು 75 ಸಾವಿರ ಜನರನ್ನು ಹೊರಗೆ ಹಾಕಿದರು. ಅಂಗಡಿ, ಮನೆ, ಬ್ಯಾಂಕಿನ ದುಡ್ಡು ಬಿಟ್ಟು ಬಸ್ಸು ಹತ್ತಬೇಕಾಯಿತು. ಎರಿಟ್ರಿಯಾದಿಂದಲೂ ಇಥಿಯೋಪಿಯಾದವರನ್ನು ಸಾವಿರಾರು ಸಂಖ್ಯೆಯಲ್ಲಿ ಕಳಿಸಿದರು. ಗಂಡ ಒಂದು ಕಡೆ, ಹೆಂಡತಿ ಮಕ್ಕಳು ಇನ್ನೊಂದು ಕಡೆ ಆದ ಮನೆಗಳು ಎಷ್ಟೋ.

ಹೊಸಪೇಟೆ ಹುಡುಗ:

ಎಲ್ಲರೂ ಬರೆದದ್ದು ಓದಿ ಮನಸ್ಸು ಭಾರ ಆಯಿತು. ಆದರೆ 2018ರಲ್ಲಿ ಶಾಂತಿ ಆಯಿತಲ್ಲ? ಇಥಿಯೋಪಿಯಾದ ಪ್ರಧಾನಿ ಅಬಿ ಅಹ್ಮದ್‌ಗೆ ನೊಬೆಲ್ ಕೂಡ ಬಂತು. ಆಗ ಎಲ್ಲ ಸರಿಹೋಗಲಿಲ್ವಾ?

ಕಾನೂನು ವಿದ್ಯಾರ್ಥಿನಿ:

ಶುರು ಚೆನ್ನಾಗಿತ್ತು. 2018ರ ಜೂನ್ 5ರಂದು ಅಡಿಸ್ ಅಬಾಬಾ ತೀರ್ಪನ್ನು ಪೂರ್ತಿ ಒಪ್ಪುತ್ತೇವೆ ಎಂದಿತು. ಜುಲೈ 9ಕ್ಕೆ ಅಬಿ ಮತ್ತು ಇಸಾಯಾಸ್ ಅಸ್ಮಾರಾದಲ್ಲಿ ಯುದ್ಧದ ಸ್ಥಿತಿ ಮುಗಿಯಿತು ಅಂತ ಸಹಿ ಹಾಕಿದರು. ಸೆಪ್ಟೆಂಬರ್‌ನಲ್ಲಿ ಸೌದಿಯ ಜೆದ್ದಾದಲ್ಲಿ ಇನ್ನೊಂದು ಸಹಿ. ಸೆಪ್ಟೆಂಬರ್ 11ಕ್ಕೆ, ಅಲ್ಲಿನ ಹೊಸ ವರ್ಷದ ದಿನ, ಜಲಂಬೆಸ್ಸಾದ ಗಡಿ ತೆರೆಯಿತು. ಜನ ತಬ್ಬಿಕೊಂಡು ಅತ್ತರು. ಕೆಲವೇ ತಿಂಗಳಲ್ಲಿ ಗಡಿದಾರಿಗಳು ಒಂದೊಂದಾಗಿ ಮತ್ತೆ ಮುಚ್ಚಿದವು.

ಒಂದು ದೊಡ್ಡ ಕೊರತೆ ಇತ್ತು. ಬಾದ್ಮೆಯ ಆಡಳಿತ ಇದ್ದದ್ದು ತಿಗ್ರಾಯ್ ಪ್ರಾಂತ್ಯದ ಕೈಯಲ್ಲಿ. ಮಾತುಕತೆ ಆದದ್ದು ಅಡಿಸ್ ಅಬಾಬಾ ಮತ್ತು ಅಸ್ಮಾರಾ ನಡುವೆ. ಮೆಕೆಲೆಯವರನ್ನು ಪಕ್ಕಕ್ಕೆ ಇಟ್ಟರು. 2020ರ ನವೆಂಬರ್‌ನಲ್ಲಿ ತಿಗ್ರಾಯ್ ಮೇಲೆ ಯುದ್ಧ ಬಂದಾಗ ಎರಿಟ್ರಿಯಾದ ಸೇನೆ ಇಥಿಯೋಪಿಯಾ ಸರ್ಕಾರದ ಜೊತೆ ಸೇರಿ ಒಳಗೆ ಬಂತು. ಬಾದ್ಮೆಯನ್ನೂ ಹಿಡಿಯಿತು. ನೋಡಿ, ಆಯೋಗದ ಗೆರೆ ಜಾರಿಯಾದದ್ದು ಕೊನೆಗೆ ಹೀಗೆ, ಬಂದೂಕಿನಿಂದ.

2022ರ ನವೆಂಬರ್ 2ಕ್ಕೆ ಆಫ್ರಿಕಾ ಒಕ್ಕೂಟದ (ಹಳೆಯ ಏಕತಾ ಸಂಘಟನೆಯ ಜಾಗಕ್ಕೆ ಬಂದದ್ದು) ಮಧ್ಯಸ್ಥಿಕೆಯಲ್ಲಿ ದಕ್ಷಿಣ ಆಫ್ರಿಕಾದ ಪ್ರಿಟೋರಿಯಾದಲ್ಲಿ ಇಥಿಯೋಪಿಯಾ ಸರ್ಕಾರಕ್ಕೂ ತಿಗ್ರಾಯ್ ನಾಯಕರಿಗೂ ಒಪ್ಪಂದ ಆಯಿತು. ಮಧ್ಯಸ್ಥರಾಗಿ ನೈಜೀರಿಯಾದ ಮಾಜಿ ಅಧ್ಯಕ್ಷ ಒಬಾಸಾಂಜೊ, ಕೀನ್ಯಾದ ಮಾಜಿ ಅಧ್ಯಕ್ಷ ಉಹುರು ಕೆನ್ಯಾಟಾ ಇದ್ದರು. ಮೇಜಿನ ಸುತ್ತ ಎರಿಟ್ರಿಯಾ ಇರಲಿಲ್ಲ. ಹಳೇ ತಪ್ಪು ಮತ್ತೊಮ್ಮೆ, ಈ ಸಲ ಇನ್ನೊಬ್ಬರನ್ನು ಹೊರಗಿಟ್ಟು.

ನಿವೃತ್ತ ಮೇಷ್ಟ್ರು:

2023ರ ಅಕ್ಟೋಬರ್‌ನಿಂದ ಅಬಿ ಕೆಂಪು ಸಮುದ್ರಕ್ಕೆ ದಾರಿ ಬೇಕು ಅಂತ ಗಟ್ಟಿಯಾಗಿ ಹೇಳುತ್ತಿದ್ದಾರೆ. ಹತ್ತು ಕೋಟಿಗೂ ಜಾಸ್ತಿ ಜನರ ದೇಶ, ಸಮುದ್ರ ಇಲ್ಲ, ಸರಕೆಲ್ಲ ಬಹುಪಾಲು ಜಿಬೂಟಿಯ ಮೂಲಕವೇ ಬರಬೇಕು. ಅವರ ಕಷ್ಟ ನಿಜ. ಆದರೆ ಅಸ್ಸಬ್ ಹೆಸರು ಕೇಳಿದರೆ ಅಸ್ಮಾರಾದಲ್ಲಿ 1962 ನೆನಪಾಗುತ್ತದೆ. ಬಂದರನ್ನು ಬಾಡಿಗೆಗೆ ಕೇಳುವುದು ಬೇರೆ, ಹಕ್ಕು ಅನ್ನುವುದು ಬೇರೆ. ಮೊದಲನೆಯದನ್ನು ಮಾತಾಡಲು ಯಾರಾದರೂ ಅಕ್ಕಪಕ್ಕದವರು ಈಗಲೇ ಕೂರಿಸಬೇಕು. ಟ್ಯಾಂಕ್ ಹೊರಟ ಮೇಲೆ ಸೂತ್ರ ಹಿಡಿದು ಓಡಿದರೆ ಏನಾಗುತ್ತದೆ ಅಂತ ಮೇಲೆ ಬರೆದಿದ್ದೀರಲ್ಲ.

ಹೊಸಪೇಟೆ ಹುಡುಗ:

ಮೆಕೆಲೆ ಸರ್, ನಿಮ್ಮ ವಿದ್ಯಾರ್ಥಿಗಳು ಈಗ ಹೇಗಿದ್ದಾರೆ? ಸಂಪರ್ಕ ಇದೆಯಾ?

ಮೆಕೆಲೆಯಲ್ಲಿದ್ದವ:

ಇದೆ, ಕೆಲವರ ಜೊತೆ. ಒಬ್ಬನ ವಿಷಯ ಹೇಳುತ್ತೇನೆ. ಹೆಸರು ಬೇಡ.

ಅವನ ಅತ್ತೆ ಅಸ್ಮಾರಾದಲ್ಲಿದ್ದರು. ಯುದ್ಧದ ನಂತರ ಎರಡು ದೇಶಗಳ ನಡುವೆ ಫೋನ್ ಇರಲಿಲ್ಲ. ಊರಿನಿಂದ ಊರಿಗೆ ಬಸ್ಸಿನಲ್ಲಿ ಒಂದು ದಿನದ ದಾರಿ. ಆದರೆ ಸುದ್ದಿ ಹೋಗಬೇಕಾದರೆ ಯಾವುದೋ ಮೂರನೇ ದೇಶದಲ್ಲಿರುವ ನೆಂಟರಿಗೆ ಹೇಳಿ, ಅವರು ಅಸ್ಮಾರಾಕ್ಕೆ ಹೇಳಬೇಕು. ಅವನ ಅಜ್ಜಿ ತೀರಿಕೊಂಡ ಸುದ್ದಿ ಮಗಳಾದ ಆ ಅತ್ತೆಗೆ ಹಾಗೆ ಮುಟ್ಟಿದ್ದು, ಮಣ್ಣಾದ ಹತ್ತು ದಿನದ ಮೇಲೆ.

2018ರ ಜುಲೈನಲ್ಲಿ ಫೋನ್ ಶುರುವಾದ ವಾರ ಅವನು ಅತ್ತೆಗೆ ಕರೆ ಮಾಡಿದ. ಆಮೇಲೆ ನನಗೂ ಮಾಡಿದ. ಏನು ಮಾತಾಡಿದಿರಪ್ಪಾ ಅಂತ ಕೇಳಿದೆ. ಇಬ್ಬರೂ ಬರೀ ಹೆಸರು ಹೇಳುತ್ತಾ ಹೋದೆವು ಸರ್ ಅಂದ. ಇವರು ಇದ್ದಾರಾ, ಅವರು ಇದ್ದಾರಾ ಅಂತ.

2020ರ ನವೆಂಬರ್‌ನಲ್ಲಿ ತಿಗ್ರಾಯ್‌ನ ಫೋನ್ ಎಲ್ಲ ಕಡಿದರು. ಎರಡು ವರ್ಷಕ್ಕೂ ಜಾಸ್ತಿ ಅವನ ನಂಬರ್‌ಗೆ ಹಾಕಿದರೆ ಏನೂ ಕೇಳುತ್ತಿರಲಿಲ್ಲ. 2023ರ ಶುರುವಿನಲ್ಲಿ ಒಂದು ಸಂಜೆ ಅವನೇ ಮಾಡಿದ. ನಾನು ಮೊದಲು ಕೇಳಿದ್ದೂ ಅದೇ ಪ್ರಶ್ನೆ. ಒಂದೊಂದೇ ಹೆಸರು ಹೇಳಿ, ಇದ್ದಾರಾ ಅಂತ. ಬೀದಿಯ ಆ ಕಾಫಿ ತಾಯಿ ಇದ್ದಾರೆ ಅಂದ. ಎರಡನೇ ಮಗನ ಫೋಟೋ ಕೂಡ ಈಗ ಗೋಡೆಯ ಮೇಲಿದೆ ಅಂದ.